ಈಕ್ವಲೈಸ್ ಅಂದ್ರೆ ಏನು? ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು?

ಹಿರಿಯೂರಿನ ಓದುಗಿ

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಈಕ್ವಲೈಸ್ ಅನ್ನೋ ಪದ ಪದೇ ಪದೇ ಎದುರಾಗುತ್ತಿದೆ. ನಿಘಂಟಿನಲ್ಲಿ "ಸಮಗೊಳಿಸು, ಸರಿಸಮ ಮಾಡು" ಅಂತ ಇದೆ. ಆದರೆ ಫುಟ್‌ಬಾಲ್ ಸುದ್ದಿಯಲ್ಲಿ ಈಕ್ವಲೈಸರ್ ಅಂತಾರೆ. ಮೊಬೈಲ್‌ನಲ್ಲಿ ಹಾಡು ಕೇಳುವ ಆ್ಯಪ್‌ನಲ್ಲೂ ಈಕ್ವಲೈಸರ್ ಇದೆ. ಬಜೆಟ್ ಬಗ್ಗೆ ಓದಿದರೆ ಈಕ್ವಲೈಸೇಶನ್ ಲೆವಿ ಅಂತ ಬರುತ್ತೆ. ಇವೆಲ್ಲ ಒಂದೇ ಪದವಾ, ಬೇರೆ ಬೇರೆನಾ?

ಇನ್ನೊಂದು ಗೊಂದಲ. ಈಕ್ವಲ್, ಈಕ್ವೇಟ್, ಈಕ್ವಲೈಸ್ ಮೂರೂ ಕ್ರಿಯಾಪದಗಳೇ. ಬಿಟ್ಟ ಸ್ಥಳ ತುಂಬಿ ಅಂತ ಕೊಟ್ಟಾಗ ಮೂರೂ ಆಯ್ಕೆಯಲ್ಲಿರುತ್ತವೆ. ಯಾವುದನ್ನು ಹಾಕಬೇಕು ಅಂತ ಹೇಗೆ ತೀರ್ಮಾನ ಮಾಡೋದು? ದಯವಿಟ್ಟು ಉದಾಹರಣೆ ಕೊಟ್ಟು ಹೇಳಿ.

ಇಂಗ್ಲಿಷ್ ಮೇಷ್ಟ್ರು, ದಾವಣಗೆರೆ

ಒಳ್ಳೆ ಪ್ರಶ್ನೆ ಕಣಮ್ಮ. ಮೊದಲು ಎರಡನೇದಕ್ಕೆ ಉತ್ತರ ಹೇಳ್ತೀನಿ, ಅದು ತಿಳಿದರೆ ಮೊದಲನೇದು ತಾನಾಗೇ ಬಿಡಿಸಿಕೊಳ್ಳುತ್ತೆ.

ಈಕ್ವಲ್ ಅಂದರೆ ಸಮ ಇರುವುದು ಅಥವಾ ಸರಿಗಟ್ಟುವುದು. "ಟೂ ಪ್ಲಸ್ ಟೂ ಈಕ್ವಲ್ಸ್ ಫೋರ್." ಇಲ್ಲಿ ಯಾರೂ ಏನನ್ನೂ ಬದಲಾಯಿಸಲಿಲ್ಲ. ದಾಖಲೆ ಸರಿಗಟ್ಟುವುದಕ್ಕೂ ಇದೇ ಪದ. 2023ರ ನವೆಂಬರ್ 5ರಂದು ಕೋಲ್ಕತ್ತದಲ್ಲಿ ವಿರಾಟ್ ಕೊಹ್ಲಿ ಏಕದಿನ ಪಂದ್ಯಗಳಲ್ಲಿ 49ನೇ ಶತಕ ಹೊಡೆದರಲ್ಲ, ಆಗ "ಕೊಹ್ಲಿ ಈಕ್ವಲ್ಡ್ ಸಚಿನ್ಸ್ ರೆಕಾರ್ಡ್" ಅಂತ ಬರೆದರು. ಅಲ್ಲಿ ಈಕ್ವಲೈಸ್ಡ್ ಅಂತ ಹಾಕಿದರೆ ತಪ್ಪು. ಸಚಿನ್ ದಾಖಲೆ ಇದ್ದಲ್ಲೇ ಇತ್ತು, ಕೊಹ್ಲಿ ಅಲ್ಲಿಗೆ ತಲುಪಿದರು.

ಈಕ್ವೇಟ್ ಅನ್ನೋದು ತಲೆಯೊಳಗೆ ನಡೆಯುವ ಕೆಲಸ. ಎರಡು ವಿಷಯ ಒಂದೇ ಅಂತ ಎಣಿಸುವುದು. "ಡೋಂಟ್ ಈಕ್ವೇಟ್ ಮಾರ್ಕ್ಸ್ ವಿತ್ ನಾಲೆಡ್ಜ್." ಅಂಕ ಬಂದಿದೆ ಅಂದಮಾತ್ರಕ್ಕೆ ತಿಳಿವಳಿಕೆ ಇದೆ ಅಂತ ಅಂದುಕೊಳ್ಳಬೇಡ ಅಂತ ಅರ್ಥ. ಹೊರಗೆ ಏನೂ ಬದಲಾಗಿಲ್ಲ.

ಈಕ್ವಲೈಸ್ ಅನ್ನುವಾಗ ಮಾತ್ರ ಹೊರಗೆ ಏನೋ ಬದಲಾಗುತ್ತೆ. ಮೊದಲು ಏರುಪೇರು ಇತ್ತು, ಯಾರೋ ಏನೋ ಮಾಡಿದರು, ಆಮೇಲೆ ಸಮ ಆಯಿತು. ಈ ಮೂರು ಹಂತ ವಾಕ್ಯದಲ್ಲಿ ಕಾಣುತ್ತಾ ಅಂತ ನೋಡು. ಕಂಡರೆ ಈಕ್ವಲೈಸ್ ಹಾಕು.

ಕರ್ಮಪದ ಇಲ್ಲದೆಯೂ ಇದು ನಡೆಯುತ್ತೆ. "ದಿ ಪ್ರೆಶರ್ ಈಕ್ವಲೈಸಸ್" ಅಂದರೆ ಒತ್ತಡ ತಾನಾಗೇ ಸಮ ಆಗುತ್ತೆ. ಆಟದಲ್ಲೂ ಹಾಗೇ, "ಇಂಡಿಯಾ ಈಕ್ವಲೈಸ್ಡ್" ಅಂದರೆ ಸಾಕು, ಏನನ್ನು ಅಂತ ಹೇಳಬೇಕಿಲ್ಲ.

ಕಾಗುಣಿತದಲ್ಲೂ ಒಂದು ಎಚ್ಚರಿಕೆ. ಈಕ್ವಲೈಸ್‌ನಲ್ಲಿ ಎಲ್ ಒಂದೇ. ಈಕ್ವಲ್ಡ್ ಬರೆಯುವಾಗ ನಮ್ಮಲ್ಲೂ ಬ್ರಿಟನ್ನಿನಲ್ಲೂ ಎರಡು ಎಲ್, ಅಮೆರಿಕದಲ್ಲಿ ಒಂದು. ಕೊನೆಯಲ್ಲಿ ಎಸ್ ಇರಲಿ ಝಡ್ ಇರಲಿ, ಎರಡೂ ಸರಿ. ಯಾವುದು ಬರೆದರೂ ಬಾಯಲ್ಲಿ ಹೇಳುವಾಗ ಝಡ್ ಸದ್ದೇ.

ಚೆಂಡಾಟ_ಹರಿಹರ

ಆಟದ ಉದಾಹರಣೆಗೆ ಒಂದು ಸೇರಿಸ್ತೀನಿ. ಟೋಕಿಯೊ ಒಲಿಂಪಿಕ್ಸ್, 2021ರ ಆಗಸ್ಟ್ 5, ಹಾಕಿ ಕಂಚಿನ ಪದಕದ ಪಂದ್ಯ. ಜರ್ಮನಿ ಎದುರು ಭಾರತ 1-3 ಹಿಂದಿತ್ತು. ಹಾರ್ದಿಕ್ ಸಿಂಗ್ ಒಂದು ಹೊಡೆದರು, 2-3. ಹರ್ಮನ್‌ಪ್ರೀತ್ ಸಿಂಗ್ ಇನ್ನೊಂದು ಹೊಡೆದರು, 3-3. ಈ ಎರಡನೇ ಗೋಲೇ ಈಕ್ವಲೈಸರ್. ಮೊದಲನೇದಕ್ಕೆ ಆ ಹೆಸರು ಇಲ್ಲ, ಅಂತರ ಕಡಿಮೆ ಮಾಡಿತು ಅಷ್ಟೇ. ಕೊನೆಗೆ 5-4ರಲ್ಲಿ ಗೆದ್ದೆವು. ಆವತ್ತು ಟಿವಿ ಮುಂದೆ ಕೂತವರಿಗೆ ಗೊತ್ತು ಆ 3-3ರ ಬೆಲೆ.

2022ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸಿನ ಎಂಬಾಪೆ ಎರಡು ಸಲ ಈಕ್ವಲೈಸ್ ಮಾಡಿದರು. 2-2 ಒಮ್ಮೆ, ಹೆಚ್ಚುವರಿ ಸಮಯದಲ್ಲಿ 3-3 ಮತ್ತೊಮ್ಮೆ. ಆದರೂ ಪೆನಾಲ್ಟಿಯಲ್ಲಿ ಅರ್ಜೆಂಟೀನಾ ಗೆದ್ದಿತು.

ಕ್ರಿಕೆಟ್‌ನಲ್ಲಿ ಈ ಪದ ಕಡಿಮೆ. ಸರಣಿ 1-1 ಆದರೆ "ಲೆವೆಲ್ಡ್ ದಿ ಸೀರೀಸ್" ಅಂತಾರೆ.

ಹಿರಿಯೂರಿನ ಓದುಗಿ

ಮೇಷ್ಟ್ರೇ, ಮೂರು ಹಂತ ಅಂತ ಹೇಳಿದ್ದು ತುಂಬಾ ಉಪಯೋಗ ಆಯಿತು. ಆದರೆ ಹಾಡಿನ ಈಕ್ವಲೈಸರ್ ಇದಕ್ಕೆ ಹೊಂದೋದಿಲ್ಲ ಅಲ್ವಾ? ಅದರಲ್ಲಿ ಬೇಸ್ ಜಾಸ್ತಿ ಮಾಡಿದರೆ ಸಮ ಇದ್ದದ್ದು ಏರುಪೇರು ಆಗುತ್ತೆ. ಹೆಸರಿಗೆ ತದ್ವಿರುದ್ಧ ಕೆಲಸ.

ಮೈಕ್‌ಸೆಟ್_ದುರ್ಗ

ಈ ಪ್ರಶ್ನೆಗೆ ನಾನೇ ಉತ್ತರ ಕೊಡಬೇಕು ತಂಗಿ, ದಿನಾ ಅದರ ಮುಂದೆ ನಿಲ್ಲೋ ಕೆಲಸ ನಮ್ಮದು.

ಈಕ್ವಲೈಸರ್ ಹುಟ್ಟಿದ್ದು ಹಾಡಿಗಾಗಿ ಅಲ್ಲ, ದೂರವಾಣಿ ತಂತಿಗಾಗಿ. ಉದ್ದ ತಂತಿಯಲ್ಲಿ ಮಾತು ಹೋದರೆ ಚೂಪು ದನಿ ಜಾಸ್ತಿ ಸವೆಯುತ್ತೆ, ಗಡಸು ದನಿ ಅಷ್ಟಾಗಿ ಸವೆಯೋದಿಲ್ಲ. ಆ ತುದಿಯಲ್ಲಿ ಕೇಳೋರಿಗೆ ಬಟ್ಟೆ ಮುಚ್ಚಿಕೊಂಡು ಮಾತಾಡಿದ ಹಾಗೆ ಕೇಳುತ್ತಿತ್ತು. ಅದಕ್ಕೆ ಸವೆದದ್ದನ್ನು ಅಷ್ಟೇ ಪ್ರಮಾಣದಲ್ಲಿ ಎತ್ತಿಕೊಡೋ ಸರ್ಕ್ಯೂಟ್ ಮಾಡಿದರು. ಹೊರಟ ದನಿ, ತಲುಪಿದ ದನಿ ಎರಡೂ ಸಮ ಆಗಲಿ ಅಂತ. ಹೆಸರು ಬಂದದ್ದು ಅಲ್ಲಿಂದ.

ಈಗ ನಮ್ಮ ಕೆಲಸಕ್ಕೆ ಬನ್ನಿ. ಕಲ್ಯಾಣ ಮಂಟಪದಲ್ಲಿ ಸೆಟ್ ಹಾಕ್ತೀವಿ. ಗೋಡೆ ಎಲ್ಲ ನುಣುಪು, ಮೇಲೆ ಶೀಟ್ ಅಥವಾ ಆರ್‌ಸಿಸಿ. ಕೆಲವು ದನಿ ಗೋಡೆಗೆ ಬಡಿದು ವಾಪಸ್ ಬಂದು ಮೂಲ ದನಿಗೆ ಸೇರಿಕೊಳ್ಳುತ್ತೆ. ಇನ್ನು ಕೆಲವನ್ನು ಜನರ ಬಟ್ಟೆ, ಪರದೆ ಹೀರಿಕೊಳ್ಳುತ್ತೆ. ಮಾತಾಡೋರ ದನಿ ಸರಿಯಾಗಿದ್ದರೂ ಹಿಂದಿನ ಸಾಲಿನಲ್ಲಿ ಕೂತವರಿಗೆ ಬರೀ ಗುಂಯ್ ಅಂತ ಕೇಳುತ್ತೆ. ಆಗ 250 ಹರ್ಟ್ಸ್ ಹತ್ತಿರ ಸ್ವಲ್ಪ ಇಳಿಸ್ತೀವಿ. ಮಾತು ಸ್ಪಷ್ಟ ಆಗೋದು 2,000ದಿಂದ 4,000 ಹರ್ಟ್ಸ್ ಒಳಗೆ, ಅಲ್ಲಿ ಕೊಂಚ ಎತ್ತುತ್ತೀವಿ. ಮೈಕ್ ಕೂಗು ಬರೋ ಜಾಗ ಹುಡುಕಿ ಅದೊಂದನ್ನೇ ಕತ್ತರಿಸ್ತೀವಿ. ಬಟನ್ ಸಾಲು ನೋಡಿದರೆ ಏರುಪೇರು. ಕಿವಿಗೆ ಕೇಳೋದು ಸಮ.

ಎಲ್ಲ ಬಟನ್ ಸಾಲಾಗಿ ಮಧ್ಯದಲ್ಲಿ ಇಟ್ಟರೆ ಈಕ್ವಲೈಸರ್ ಏನೂ ಕೆಲಸ ಮಾಡ್ತಿಲ್ಲ ಅಂತ ಅರ್ಥ. ಬಟನ್ ನೋಡಬಾರದು, ಹಿಂದಿನ ಸಾಲಿಗೆ ಹೋಗಿ ನಿಂತು ಕೇಳಬೇಕು. ಹೊಸ ಹುಡುಗರಿಗೆ ನಾನು ಮೊದಲು ಹೇಳಿಕೊಡೋದು ಇದನ್ನೇ.

ಮೊಬೈಲ್‌ನಲ್ಲಿ ಬೇಸ್ ಜಾಸ್ತಿ ಮಾಡಿಕೊಳ್ಳೋದು ರುಚಿಗೆ. ಯಂತ್ರ ಅದೇ, ಬಳಕೆ ಬೇರೆ.

ಕಾಲುವೆ_ಕೊನೆ

ಮೈಕ್‌ಸೆಟ್ ಅಣ್ಣ ಹೇಳಿದ ಹಿಂದಿನ ಸಾಲಿನ ಮಾತು ನಮ್ಮ ನೀರಿನ ಗೋಳಿಗೆ ನೇರವಾಗಿ ತಟ್ಟುತ್ತೆ. ಆಮೇಲೆ ಬರೀತೀನಿ, ಈಗ ಹೊಲದಲ್ಲಿದ್ದೀನಿ.

ಬ್ಯಾಟರಿ_ಅಂಗಡಿ_ಚಳ್ಳಕೆರೆ

ನಮ್ಮ ಅಂಗಡಿಯಲ್ಲೂ ಈ ಪದ ಇದೆ. ಈಕ್ವಲೈಸಿಂಗ್ ಚಾರ್ಜ್ ಅಂತ. ಮನೆ ಯುಪಿಎಸ್‌ಗೆ ಹಾಕೋ ನೀರು ಬ್ಯಾಟರಿ ಇದೆಯಲ್ಲ, 12 ವೋಲ್ಟ್‌ದು, ಅದರೊಳಗೆ 6 ಸೆಲ್ ಇರುತ್ತವೆ. ವರ್ಷ ಕಳೆದ ಹಾಗೆ ಕೆಲವು ಸೆಲ್ ಗಟ್ಟಿ, ಕೆಲವು ಸೊರಗಿದವು ಆಗ್ತವೆ. ಮಾಮೂಲಿ ಚಾರ್ಜ್‌ನಲ್ಲಿ ಗಟ್ಟಿ ಸೆಲ್ ಬೇಗ ತುಂಬುತ್ತೆ, ಚಾರ್ಜರ್ ಪೂರ್ತಿ ಆಯಿತು ಅಂತ ಕರೆಂಟ್ ಇಳಿಸುತ್ತೆ. ಸೊರಗಿದ ಸೆಲ್ ಅರ್ಧ ಹೊಟ್ಟೆಯಲ್ಲೇ ಉಳಿಯುತ್ತೆ.

ಅದಕ್ಕೆ ಆಗಾಗ ಬೇಕಂತಲೇ ಸ್ವಲ್ಪ ಜಾಸ್ತಿ ವೋಲ್ಟೇಜಿನಲ್ಲಿ, ನಿಧಾನಕ್ಕೆ, ಇನ್ನೂ ಕೆಲವು ಗಂಟೆ ಚಾರ್ಜ್ ಬಿಡ್ತಾರೆ. ತುಂಬಿದ ಸೆಲ್‌ಗಳಲ್ಲಿ ನೀರು ಗುಳ್ಳೆಯಾಗಿ ಹೋಗುತ್ತೆ, ಅದು ನಷ್ಟವೇ. ಆದರೆ ಸೊರಗಿದವು ಮೇಲೆ ಬರ್ತವೆ. ಆಮೇಲೆ ಡಿಸ್ಟಿಲ್ಡ್ ವಾಟರ್ ಹಾಕಿ ಸರಿ ಮಾಡಬೇಕು. ಕಿಟಕಿ ತೆಗೆದಿಡಿ, ಬರೋ ಗ್ಯಾಸ್ ಹೈಡ್ರೋಜನ್, ಹತ್ತಿರ ಬೆಂಕಿ ಕೂಡದು. ಸೀಲ್ ಆದ ಬ್ಯಾಟರಿಗೆ ಸುಮ್ನೆ ಇದನ್ನು ಮಾಡೋಕೆ ಹೋಗಬೇಡಿ, ಒಳಗಿನ ನೀರು ಹೋದರೆ ಮತ್ತೆ ತುಂಬೋಕೆ ದಾರಿ ಇಲ್ಲ.

ಇಂಗ್ಲಿಷ್ ಮೇಷ್ಟ್ರು, ದಾವಣಗೆರೆ

ಬಹಳ ಚೆನ್ನಾಗಿ ಹೇಳಿದಿರಿ. ಗಟ್ಟಿ ಸೆಲ್ ಸ್ವಲ್ಪ ನಷ್ಟ ತಿಂದರೆ ಮಾತ್ರ ಸೊರಗಿದ್ದು ಮೇಲೆ ಬರುತ್ತೆ ಅನ್ನೋದನ್ನು ಗಮನಿಸಿ.

ಪದದ ಬೇರಿನ ಬಗ್ಗೆಯೂ ಒಂದು ಮಾತು. ಲ್ಯಾಟಿನ್‌ನಲ್ಲಿ ಈ ಪದದ ಮೂಲಕ್ಕೆ ಮಟ್ಟಸ, ಏರುತಗ್ಗಿಲ್ಲದ್ದು ಅಂತ ಅರ್ಥ. ನ್ಯಾಯವಾದದ್ದು ಅಂತಲೂ ಅರ್ಥ ಇತ್ತು. ಈಕ್ವೇಟರ್, ಈಕ್ವಿನಾಕ್ಸ್, ಈಕ್ವಿಟಿ, ಅಡಿಕ್ವೇಟ್ ಎಲ್ಲ ಅದೇ ಬಳ್ಳಿಯವು. ನಮ್ಮ ಗಾರೆ ಕೆಲಸದವರು ಬಳಸೋ ನೀರಿನ ಟ್ಯೂಬ್ ನೆನಪು ಮಾಡಿಕೊಳ್ಳಿ. ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡು ಗೋಡೆಗೆ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ. ಅಲ್ಲಿ ಪೆನ್ಸಿಲ್ ಗುರುತು ಹಾಕ್ತಾರೆ. "ದಿ ಲೆವೆಲ್ಸ್ ಈಕ್ವಲೈಸ್" ಅಂದರೆ ಅದೇ, ಯಾರೂ ಕೈಯಿಂದ ಸಮ ಮಾಡಲಿಲ್ಲ.

ನರ್ಸ್_ದಾವಣಗೆರೆ

ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತಲ್ಲ, ಅದಕ್ಕೂ ಇದೇ ಪದ. ಹೊರಗಿನ ಗಾಳಿ ಒತ್ತಡ ಹೆಚ್ಚಿ, ಕಿವಿಯೊಳಗಿನದು ಹಿಂದೆ ಉಳಿಯುತ್ತೆ. ಉಗುಳು ನುಂಗಿದರೆ, ಆಕಳಿಸಿದರೆ ಗಂಟಲಿನ ಕಡೆಯ ಸಣ್ಣ ನಾಳ ತೆರೆದು ಗಾಳಿ ಒಳಗೆ ಹೋಗುತ್ತೆ. ವಿಮಾನದಲ್ಲಿ, ಸಮುದ್ರದಲ್ಲಿ ಮುಳುಗುವವರಿಗೆ "ಈಕ್ವಲೈಸ್ ಯುವರ್ ಇಯರ್ಸ್" ಅಂತಲೇ ಹೇಳೋದು. ಕೂಸುಗಳಿಗೆ ಆ ಹೊತ್ತಿನಲ್ಲಿ ಹಾಲು ಕುಡಿಸಿ, ನುಂಗುತ್ತಾ ಇದ್ದರೆ ನೋವು ಕಡಿಮೆ.

ಕಾಮರ್ಸ್_ಮೇಡಂ

ಈಕ್ವಲೈಸೇಶನ್ ಲೆವಿ ಬಗ್ಗೆ ಯಾರೂ ಹೇಳಲಿಲ್ಲ. ಪರೀಕ್ಷೆಗೆ ಅದು ಬೇಕಾಗುತ್ತೆ.

ಇಲ್ಲಿನ ಕಂಪನಿ ಜಾಹೀರಾತು ಹಣ ಗಳಿಸಿದರೆ ಇಲ್ಲಿ ತೆರಿಗೆ ಕಟ್ಟುತ್ತೆ. ಇಲ್ಲಿ ಕಚೇರಿ ಇಲ್ಲದ ವಿದೇಶಿ ಕಂಪನಿ ಇಂಟರ್‌ನೆಟ್‌ನಲ್ಲಿ ಅದೇ ಜಾಹೀರಾತು ಹಾಕಿ ಹಣ ತೆಗೆದುಕೊಂಡರೆ ತೆರಿಗೆ ಹಿಡಿಯೋದು ಕಷ್ಟ. ಈ ವ್ಯತ್ಯಾಸ ಸರಿ ಮಾಡೋಕೆ 2016ರ ಜೂನ್ 1ರಿಂದ ಆನ್‌ಲೈನ್ ಜಾಹೀರಾತಿಗೆ ಕೊಡೋ ಹಣದ ಮೇಲೆ ಶೇ. 6 ಲೆವಿ ಹಾಕಿದರು. ಜನ ಅದನ್ನು ಗೂಗಲ್ ಟ್ಯಾಕ್ಸ್ ಅಂತ ಕರೆದರು. 2020ರ ಏಪ್ರಿಲ್‌ನಿಂದ ವಿದೇಶಿ ಇ-ಕಾಮರ್ಸ್ ಕಂಪನಿಗಳಿಗೆ ಶೇ. 2 ಇನ್ನೊಂದು ಬಂತು. ಶೇ. 2ರದ್ದು 2024ರ ಆಗಸ್ಟ್ 1ರಿಂದ ಹೋಯಿತು, ಶೇ. 6ರದ್ದು 2025ರ ಏಪ್ರಿಲ್ 1ರಿಂದ ಹೋಯಿತು. ಈಗ ಎರಡೂ ಇಲ್ಲ. ಹಳೇ ಗೈಡ್‌ಗಳಲ್ಲಿ ಇದೆ ಅಂತಲೇ ಇರುತ್ತೆ, ನೋಡಿಕೊಳ್ಳಿ.

ಇನ್ನೊಂದು ದೊಡ್ಡ ಉದಾಹರಣೆ ಫ್ರೈಟ್ ಈಕ್ವಲೈಸೇಶನ್. 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ಉಕ್ಕಿನ ಸಾಗಣೆ ವೆಚ್ಚವನ್ನು ದೇಶಕ್ಕೆಲ್ಲ ಸರಾಸರಿ ಮಾಡಿ ಹಂಚುತ್ತಿದ್ದರು. ಕಾರ್ಖಾನೆ ಪಕ್ಕದಲ್ಲಿ ಇರೋನಿಗೂ ಸಾವಿರ ಮೈಲಿ ದೂರ ಇರೋನಿಗೂ ಉಕ್ಕು ಹೆಚ್ಚುಕಡಿಮೆ ಒಂದೇ ಬೆಲೆ. ದೂರದ ರಾಜ್ಯಗಳಲ್ಲಿ ಕೈಗಾರಿಕೆ ಬೆಳೆದವು. ಆದರೆ ಗಣಿ, ಕಲ್ಲಿದ್ದಲು ಎಲ್ಲ ಇದ್ದ ಆಗಿನ ಬಿಹಾರಕ್ಕೆ ಮನೆ ಬಾಗಿಲಲ್ಲೇ ಅದಿರು ಇರೋದರಿಂದ ಸಿಗಬೇಕಿದ್ದ ಲಾಭ ಹೋಯಿತು. ಹತ್ತಿಗೆ ಆ ಅನುಕೂಲ ಇರಲಿಲ್ಲ. ಹತ್ತಿ ದೂರದಿಂದ ತರಿಸೋ ಪೂರ್ವದವರು ಪೂರ್ತಿ ಸಾಗಣೆ ಕೊಡಬೇಕಿತ್ತು. ಬಟ್ಟೆ ಗಿರಣಿಗಳಿಂದ ಹೆಸರು ಮಾಡಿದ ದಾವಣಗೆರೆಯವರು ನಾವು. ಹತ್ತಿ ಹತ್ತಿರ ಬೆಳೆಯೋದು ಗಿರಣಿಗೆ ಎಷ್ಟು ಮುಖ್ಯ ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಯಾರಾದರೂ ಈಕ್ವಲೈಸ್ ಮಾಡ್ತೀವಿ ಅಂದರೆ ನಾನು ಮೊದಲು ಕೇಳೋದು, ಯಾವುದನ್ನು ಮಾಡ್ತೀರಿ, ಯಾವುದನ್ನು ಬಿಡ್ತೀರಿ ಅಂತ.

ಹರಪನಹಳ್ಳಿಯವ

ಮೇಡಂ, ನಮ್ಮ ತಾಲ್ಲೂಕಿನ ಕಥೆಯೇ ಇದಕ್ಕೆ ಸಾಕ್ಷಿ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ತೆಗೆದು ಇಲ್ಲಿಗೆ ಸೇರಿಸಿದರು. ಆಮೇಲೆ ಹೈದರಾಬಾದ್ ಕರ್ನಾಟಕದ ಹಿಂದುಳಿದ ಸ್ಥಿತಿ ಸರಿ ಮಾಡೋಕೆ ಸಂವಿಧಾನಕ್ಕೆ 371-ಜೆ ಬಂತು. ಬಳ್ಳಾರಿ ಜಿಲ್ಲೆ ಅದರಲ್ಲಿ ಸೇರಿತು, ನಾವು ದಾವಣಗೆರೆಯಲ್ಲಿದ್ದ ಕಾರಣಕ್ಕೆ ಹೊರಗೆ ಉಳಿದೆವು. ಅದೇ ಮಳೆ, ಅದೇ ಮಣ್ಣು, ಅದೇ ಬಡತನ. ಪಕ್ಕದ ಊರಿನ ಹುಡುಗನಿಗೆ ಮೀಸಲು ಸೀಟು, ನಮ್ಮ ಹುಡುಗನಿಗೆ ಇಲ್ಲ. ವರ್ಷಗಟ್ಟಲೆ ಹೋರಾಟ ಆಯಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿದೆವು, ಈಗ ವಿಜಯನಗರ ಜಿಲ್ಲೆ.

ಸಮ ಮಾಡೋಕೆ ಎಳೆದ ಗೆರೆ ಎಲ್ಲಿ ಬೀಳುತ್ತೆ ಅನ್ನೋದೇ ಮುಖ್ಯ.

ಲೆಕ್ಕದ_ಟೀಚರ್_ಹೊಸದುರ್ಗ

ಅದಕ್ಕೇ ರಾಜ್ಯದ ಪ್ರಾದೇಶಿಕ ಅಸಮತೋಲನ ನೋಡೋಕೆ ಮಾಡಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಜಿಲ್ಲೆ ಬಿಟ್ಟು ತಾಲ್ಲೂಕನ್ನು ಅಳತೆಗೆ ತೆಗೆದುಕೊಂಡಿದ್ದು. 2002ರ ವರದಿ. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಅಂತ ಗುರುತಿಸಿತು. ಅದರಲ್ಲೂ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಎಲ್ಲರಿಗೂ ಒಂದೇ ಅನುದಾನ ಅನ್ನಲಿಲ್ಲ, ಹೆಚ್ಚು ಹಿಂದಿರೋರಿಗೆ ಹೆಚ್ಚು ಅಂತ ಹೇಳಿತು. ಮೈಕ್‌ಸೆಟ್ ಅವರು ಬಟನ್ ಬಗ್ಗೆ ಹೇಳಿದ್ದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ.

ಓದುಗಿಗೆ ಲೆಕ್ಕದ ಕಡೆಯಿಂದ ಒಂದು ಉದಾಹರಣೆ. 1/2 ಮತ್ತು 1/3 ಕೂಡಿಸುವಾಗ ಛೇದ ಸಮ ಮಾಡ್ತೀವಿ, 3/6 ಮತ್ತು 2/6. ಛೇದ ಸಮ ಆಯಿತು, ಬೆಲೆ ಬದಲಾಗಲಿಲ್ಲ. ಅರ್ಧ ಅರ್ಧವೇ, ಮೂರನೇ ಒಂದು ಪಾಲು ಅಷ್ಟೇ. ಅಂದರೆ ಒಂದನ್ನು ಸಮ ಮಾಡಿದಾಗ ಇನ್ನೊಂದು ಸಮ ಆಗಿರಬೇಕು ಅಂತ ಇಲ್ಲ. ಯಾವುದರ ಲೆಕ್ಕದಲ್ಲಿ ಸಮ ಅಂತ ಹೇಳದೆ ಈ ಪದ ಬಳಸಿದರೆ ವಾಕ್ಯ ಅರ್ಧವೇ.

ಸಮ ಚಿಹ್ನೆ ಬಗ್ಗೆ ಮಕ್ಕಳಿಗೆ ನಾನು ಹೇಳೋದುಂಟು. ಎರಡು ಗೆರೆ ಒಂದರ ಮೇಲೊಂದು ಹಾಕೋ ಆ ಗುರುತನ್ನು 1557ರಲ್ಲಿ ಅಚ್ಚಿಗೆ ತಂದವರು ವೇಲ್ಸ್‌ನ ರಾಬರ್ಟ್ ರೆಕಾರ್ಡ್. ಪದೇ ಪದೇ "ಇದು ಅದಕ್ಕೆ ಸಮ" ಅಂತ ಬರೆಯೋದು ತಪ್ಪಿಸೋಕೆ. ಸಮಾನಾಂತರ ಗೆರೆಗಳಿಗಿಂತ ಹೆಚ್ಚು ಸಮ ಇರೋವು ಬೇರೆ ಯಾವೂ ಇಲ್ಲ ಅಂತ ಅವರು ಕಾರಣ ಕೊಟ್ಟರು.

ಮೊಳಕಾಲ್ಮೂರು_ಅಕ್ಕ

ಲೆಕ್ಕದ ಟೀಚರ್ ಮಾತು ನಿಜ. ನಾನು ಇನ್ನೊಂದು ಕೇಳ್ತೀನಿ. ಸಮ ಮಾಡುವಾಗ ಯಾವ ಕಡೆಗೆ?

ಈರುಳ್ಳಿ ಕೀಳೋದು, ಶೇಂಗಾ ಬಿಡಿಸೋದು, ಕಳೆ ತೆಗೆಯೋದು ನಮ್ಮ ಹೆಣ್ಣುಮಕ್ಕಳೇ. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಸಮಾನ ಕೂಲಿಗೆ ಕಾನೂನು 1976ರಲ್ಲೇ ಬಂತು. ಉದ್ಯೋಗ ಖಾತ್ರಿ ಕೆಲಸದಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ದರ ಇತ್ತು, ಅದು ಬಂದ ಮೇಲೆ ನಮ್ಮ ಕಡೆ ಹೆಣ್ಣಾಳುಗಳು ಹೊಲದ ಕೂಲಿಗೂ ಬಾಯಿ ಬಿಟ್ಟು ಕೇಳೋ ಹಾಗಾಯಿತು.

ಆದರೆ ಒಬ್ಬ ಮಾಲೀಕರು "ಆಯ್ತು, ಸಮ ಮಾಡ್ತೀನಿ" ಅಂತ ಗಂಡಾಳಿನ ಕೂಲಿಯನ್ನೇ ಇಳಿಸೋಕೆ ಹೊರಟಿದ್ದರು. ಅದೂ ಸಮವೇ ಅಲ್ವಾ? ಇಂಗ್ಲಿಷ್‌ನಲ್ಲಿ ಇದಕ್ಕೆ ಏನಾದರೂ ಕಟ್ಟುಪಾಡು ಇದೆಯಾ ಮೇಷ್ಟ್ರೇ? ಮೇಲಕ್ಕೆ ಸಮ ಮಾಡೋದಕ್ಕೆ ಬೇರೆ ಪದ, ಕೆಳಕ್ಕೆ ಮಾಡೋದಕ್ಕೆ ಬೇರೆ ಪದ?

ಇಂಗ್ಲಿಷ್ ಮೇಷ್ಟ್ರು, ದಾವಣಗೆರೆ

ಅಕ್ಕಾ, ಈ ಚರ್ಚೆಯಲ್ಲಿ ಬಂದ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಈಕ್ವಲೈಸ್ ಅನ್ನೋ ಪದ ಒಂದೇ ದಿಕ್ಕು ಹೇಳೋದಿಲ್ಲ. ಮೇಲಕ್ಕೂ ಆಗಬಹುದು, ಕೆಳಕ್ಕೂ ಆಗಬಹುದು, ಮಧ್ಯಕ್ಕೂ ಆಗಬಹುದು. ಅದನ್ನು ಬರೆಯೋನೇ ಹೇಳಬೇಕು.

ಹೇಳೋಕೆ ದಾರಿ ಇದೆ. "ಈಕ್ವಲೈಸ್ ದಿ ವೇಜಸ್ ಆಫ್ ಮೆನ್ ಅಂಡ್ ವಿಮೆನ್" ಅಂತ ಬರೆದರೆ ಇಬ್ಬರ ಕೂಲಿಯನ್ನೂ ಅಲುಗಾಡಿಸಬಹುದು. "ಈಕ್ವಲೈಸ್ ವಿಮೆನ್ಸ್ ವೇಜಸ್ ವಿತ್ ದೋಸ್ ಆಫ್ ಮೆನ್" ಅಂತ ಬರೆದರೆ ಗಂಡಾಳಿನದು ಅಳತೆಗೋಲು, ಅದು ನಿಂತಲ್ಲೇ ಇರುತ್ತೆ, ಹೆಂಗಸರದ್ದು ಅಲ್ಲಿಗೆ ಏರಬೇಕು. ಇನ್ನೂ ಗಟ್ಟಿ ಬೇಕಾದರೆ "ರೇಜ್ ವಿಮೆನ್ಸ್ ವೇಜಸ್ ಟು ದಿ ಲೆವೆಲ್ ಆಫ್ ಮೆನ್ಸ್" ಅಂತ ಬರೆಯಿರಿ. ಅಲ್ಲಿ ಈಕ್ವಲೈಸ್ ಪದವೇ ಬೇಡ, ರೇಜ್ ಅನ್ನೋದೇ ದಿಕ್ಕು ಹೇಳುತ್ತೆ. "ಲೆವೆಲ್ ಅಪ್", "ಲೆವೆಲ್ ಡೌನ್" ಅಂತಲೂ ಇವೆ, ಮೇಲಕ್ಕೆ ಒಂದು, ಕೆಳಕ್ಕೆ ಒಂದು.

ಅಮೆರಿಕದ ಶಿಕ್ಷಣ ಸುಧಾರಕ ಹೊರೇಸ್ ಮ್ಯಾನ್ 1848ರಲ್ಲಿ ಶಿಕ್ಷಣವನ್ನು "ಗ್ರೇಟ್ ಈಕ್ವಲೈಸರ್" ಅಂತ ಕರೆದರು. ಆ ಮಾತು ಇವತ್ತಿಗೂ ಭಾಷಣದಲ್ಲಿ ಬರುತ್ತೆ. ಅಲ್ಲಿ ದಿಕ್ಕು ಸ್ಪಷ್ಟ, ಓದಿದವನನ್ನು ಯಾರೂ ಕೆಳಕ್ಕೆ ಎಳೆಯೋದಿಲ್ಲ, ಓದದವನು ಮೇಲೆ ಬರ್ತಾನೆ.

ಮೊಳಕಾಲ್ಮೂರು_ಅಕ್ಕ

ಸರಿ. ನಮ್ಮ ಮನವಿಯಲ್ಲಿ ಕನ್ನಡದಲ್ಲೂ "ಸಮ ಮಾಡಿ" ಅಂತ ಬರೆಯೋದು ನಿಲ್ಲಿಸಿ, "ಗಂಡಾಳಿನ ಕೂಲಿಯಷ್ಟು ಹೆಣ್ಣಾಳಿಗೂ ಕೊಡಿ" ಅಂತಲೇ ಬರೀತೀವಿ.

ಕಾಲುವೆ_ಕೊನೆ

ಈಗ ಬಿಡುವಾಯಿತು. ನಮ್ಮದು ಭದ್ರಾ ಬಲದಂಡೆ ನಾಲೆಯ ಕೊನೆ ಭಾಗ, ಹರಿಹರ ತಾಲ್ಲೂಕು. ಅಣೆಕಟ್ಟು ಲಕ್ಕವಳ್ಳಿಯಲ್ಲಿ. ಅಲ್ಲಿಂದ ಹೊರಟ ನೀರು ನಮಗೆ ಮುಟ್ಟೋ ಹೊತ್ತಿಗೆ ಎಷ್ಟು ತೂಬು ದಾಟಿರುತ್ತೆ! ನಾಲೆಗೆ ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಅಂತ ಆನ್-ಆಫ್ ಪದ್ಧತಿ. ಕಾಗದದ ಮೇಲೆ ಎಲ್ಲರಿಗೂ ಸಮ ದಿನ.

ಆದರೆ ನೀರು ಬಿಟ್ಟ ದಿನವೇ ನಮಗೆ ಬರುತ್ತಾ? ಮೇಲಿನವರು ತುಂಬಿಸಿಕೊಂಡು, ನಾಲೆ ಹೀರಿಕೊಂಡು, ದಾರಿಯಲ್ಲಿ ಪಂಪ್‌ಸೆಟ್ ಇಟ್ಟು ಎತ್ತಿಕೊಂಡು, ಉಳಿದದ್ದು ನಮಗೆ. ಬಂದ ಮೇಲೂ ಹಂಚುಗಾಲುವೆ ನೆನೆಯೋಕೆ ಒಂದಿಷ್ಟು ಹೊತ್ತು. ಭತ್ತ ಕಾಳು ಕಟ್ಟೋ ಹೊತ್ತಿಗೆ ಸರಿಯಾಗಿ ಬಂದ್ ಆಗುತ್ತೆ. ದಿನ ಸಮ, ನೀರು ಸಮ ಇಲ್ಲ. ಬಟನ್ ನೋಡಬಾರದು, ಹಿಂದಿನ ಸಾಲಿಗೆ ಹೋಗಿ ಕೇಳಬೇಕು ಅಂದರಲ್ಲ ಮೈಕ್‌ಸೆಟ್ ಅಣ್ಣ, ನಮ್ಮ ಸಾಲಿಗೆ ಯಾರೂ ಬರೋದಿಲ್ಲ.

ಇದಕ್ಕೆ ಮನವಿ ಕೊಡ್ತಿದ್ದೀವಿ. ವಕೀಲರು ಇಂಗ್ಲಿಷ್ ಪ್ರತಿಯೂ ಬೇಕು ಅಂದಿದ್ದಾರೆ. ನಮ್ಮ ಹುಡುಗ ಬರೆದಿರೋದು ಹೀಗಿದೆ: "ಪ್ಲೀಸ್ ಈಕ್ವಲೈಸ್ ದಿ ವಾಟರ್ ಡೇಸ್ ಆಫ್ ಅಪ್ಪರ್ ಅಂಡ್ ಟೇಲ್ ಎಂಡ್ ಫಾರ್ಮರ್ಸ್." ಇದು ಸರಿ ಇದೆಯಾ?

ಲೆಕ್ಕದ_ಟೀಚರ್_ಹೊಸದುರ್ಗ

ಬೇಡ ಅಣ್ಣ, ಹಾಗೆ ಬರೆದರೆ "ದಿನ ಆಗಲೇ ಸಮ ಇದೆಯಲ್ಲ" ಅಂತ ಒಂದೇ ಸಾಲಿನ ಉತ್ತರ ಬರುತ್ತೆ. ನಿಮಗೆ ಬೇಕಾಗಿರೋದು ದಿನ ಅಲ್ಲ, ಎಕರೆಗೆ ಸಿಗೋ ನೀರು. ಅದು ಸಮ ಆಗಬೇಕಾದರೆ ಕೊನೆಯವರಿಗೆ ದಿನ ಜಾಸ್ತಿ ಬೇಕು. ಒಂದು ಅಂದಾಜು ಲೆಕ್ಕ ಹೇಳ್ತೀನಿ. ತೂಬಿನಿಂದ ಹೊರಟ ನೀರಲ್ಲಿ ನಿಮ್ಮ ಹೊಲಕ್ಕೆ ಅರ್ಧ ಮಾತ್ರ ಮುಟ್ಟುತ್ತೆ ಅಂತ ಇಟ್ಟುಕೊಳ್ಳಿ. ಮೇಲಿನವರಿಗೆ 5 ದಿನ ಸಾಕಾದರೆ ನಿಮಗೆ 10 ದಿನ ಬೇಕು.

ಇದು ಹೊಸ ಬೇಡಿಕೆಯೂ ಅಲ್ಲ. ಪಂಜಾಬ್, ಹರಿಯಾಣದಲ್ಲಿ ವಾರಾಬಂದಿ ಅಂತ ಪಾಳಿ ಪದ್ಧತಿ ಇದೆ. ಅಲ್ಲಿ ಹೊಲಗಾಲುವೆ ತುಂಬೋಕೆ ಹಿಡಿಯೋ ಹೊತ್ತನ್ನು ಬೇರೆ ಲೆಕ್ಕ ಹಾಕಿ ರೈತನ ಪಾಳಿಗೆ ಸೇರಿಸ್ತಾರೆ. ಅದನ್ನು ಮನವಿಯಲ್ಲಿ ಉದಾಹರಣೆ ಕೊಡಿ.

ಇಂಗ್ಲಿಷ್ ಮೇಷ್ಟ್ರು, ದಾವಣಗೆರೆ

ಟೀಚರ್ ಹೇಳಿದ್ದು ಸರಿ. ಭಾಷೆಯ ಕಡೆಯಿಂದ ನಾನು ಸೇರಿಸೋದು ಇಷ್ಟು. ನೀರಿನ ವಿಷಯದಲ್ಲಿ ಕಾನೂನು, ನೀತಿ ಬರೆಯೋರು ಬಳಸೋ ಪದ "ಈಕ್ವಿಟಬಲ್". ಎಲ್ಲರಿಗೂ ಒಂದೇ ಅಳತೆ ಅಂತ ಅಲ್ಲ, ಅವರವರ ಸ್ಥಿತಿ ನೋಡಿ ನ್ಯಾಯವಾದ ಪಾಲು ಅಂತ. ಆದರೆ ಅದೊಂದನ್ನೇ ನಂಬಬೇಡಿ. ನ್ಯಾಯವಾದ ಪಾಲು ಎಷ್ಟು ಅಂತ ಎದುರಿನವರು ತಮಗೆ ಬೇಕಾದ ಹಾಗೆ ಹೇಳಬಹುದು. ಅದರ ಜೊತೆಗೆ ಅಳತೆ ಬರಬೇಕು.

ಹಿರಿಯೂರಿನ ಓದುಗಿ

ನಾನು ಒಂದು ಪ್ರಯತ್ನ ಮಾಡಲಾ? "ದಿ ಟೇಲ್ ಎಂಡ್ ಫಾರ್ಮರ್ಸ್ ಶುಡ್ ರಿಸೀವ್ ಆ್ಯಸ್ ಮಚ್ ವಾಟರ್ ಪರ್ ಏಕರ್ ಆ್ಯಸ್ ದಿ ಅಪ್ಪರ್ ಫಾರ್ಮರ್ಸ್." ಈಕ್ವಲೈಸ್ ಪದ ಬಿಟ್ಟೇ ಬರೆದೆ.

ಇಂಗ್ಲಿಷ್ ಮೇಷ್ಟ್ರು, ದಾವಣಗೆರೆ

ಚೆನ್ನಾಗಿದೆ ಕಣಮ್ಮ. ಯಾವುದರ ಲೆಕ್ಕ ಅನ್ನೋದು ಇದರಲ್ಲಿದೆ, ಯಾರ ಮಟ್ಟಕ್ಕೆ ಅನ್ನೋದೂ ಇದೆ. ಎಲ್ಲಿ ಅಳೆಯೋದು ಅನ್ನೋದೊಂದು ಬಿಟ್ಟುಹೋಗಿದೆ. ಕೊನೆಗೆ "ಮೆಷರ್ಡ್ ಅಟ್ ದಿ ಫೀಲ್ಡ್ ಔಟ್‌ಲೆಟ್" ಅಂತ ಸೇರಿಸು, ಅಂದರೆ ಹೊಲದ ತೂಬಿನ ಹತ್ತಿರ ಅಳೆದದ್ದು. ನಾಲೆಯ ಮೇಲ್ಭಾಗದಲ್ಲಿ ಅಳೆದರೆ ಇವರಿಗೆ ಏನೂ ಪ್ರಯೋಜನ ಇಲ್ಲ.

ಕಾಲುವೆ_ಕೊನೆ

ತಂಗಿ, ಮೇಷ್ಟ್ರೇ, ಟೀಚರ್, ಎಲ್ಲರಿಗೂ ಕೈ ಮುಗೀತೀನಿ. ವಾಕ್ಯ ಹಾಗೇ ಇಳಿಸಿಕೊಂಡೆ. ಒಂದು ಅನುಮಾನ ಉಳಿದಿದೆ. ನಮ್ಮ ತೂಬಿಗೆ ಅಳತೆ ಪಟ್ಟಿಯೇ ಇಲ್ಲ, ಕಲ್ಲಿನ ಮೇಲೆ ಇದ್ದದ್ದು ಅಳಿಸಿಹೋಗಿದೆ. ಅಳೆಯೋದು ಹೇಗೆ?

ಲೆಕ್ಕದ_ಟೀಚರ್_ಹೊಸದುರ್ಗ

ಹಾಗಾದರೆ ಮನವಿಯ ಮೊದಲನೇ ಬೇಡಿಕೆ ಅದೇ ಆಗಲಿ ಅಣ್ಣ. ಮೇಲಿನ ತೂಬಿಗೂ ಕೊನೆ ತೂಬಿಗೂ ಅಳತೆ ಪಟ್ಟಿ ಹಾಕಿಸಿ, ಎರಡರ ಅಂಕಿಯನ್ನೂ ನೀರು ಬಿಟ್ಟ ಪ್ರತಿದಿನ ಊರಿನ ಬೋರ್ಡಿನಲ್ಲಿ ಬರೀಬೇಕು ಅಂತ ಕೇಳಿ. ಅಲ್ಲಿವರೆಗೆ ನಿಮ್ಮ ಹುಡುಗನ ಕೈಯಲ್ಲಿ ದಿನಾ ಬೆಳಗ್ಗೆ, ಸಂಜೆ ಕಾಲುವೆಯಲ್ಲಿ ಒಂದೇ ಜಾಗದಲ್ಲಿ ನೀರಿನ ಆಳ ಅಳೆಸಿ, ತಾರೀಕು ಹಾಕಿ ಬರೆಸಿಡಿ. ಫೋಟೋ ತೆಗೆಸಿ, ಪಕ್ಕದಲ್ಲಿ ಸ್ಕೇಲ್ ಕಾಣೋ ಹಾಗೆ.

ಕಾಲುವೆ_ಕೊನೆ

ಆಗಲಿ ಟೀಚರ್. ಮೇಲಿನ ತೂಬಿನ ಹತ್ತಿರ ನಮ್ಮ ನೆಂಟರ ಹೊಲ ಇದೆ, ಅಲ್ಲೂ ಒಬ್ಬರನ್ನು ನಿಲ್ಲಿಸ್ತೀನಿ.